ದನ ಇದ್ದರೆ ಜೇನು ಇರಲ್ಲ ಅನ್ನೋದು ತಪ್ಪು

"ದನ ಮೇಯಿಸಿದರೆ ಜೇನುನೊಣ ಓಡಿಹೋಗುತ್ತವೆ" ಅನ್ನುವ ಮೆಸೇಜ್ ಎಲ್ಲ ಕಡೆ ಓಡಾಡುತ್ತಿದೆ. ತೊಂದರೆ ದನದ್ದಲ್ಲ, ಒಂದೇ ಜಾಗದಲ್ಲಿ ಬಿಡುವೇ ಕೊಡದೆ ಬುಡದವರೆಗೆ ಮೇಯಿಸುವುದರದ್ದು. ಹುಲ್ಲುಗಾವಲನ್ನು ಭಾಗ ಮಾಡಿ ಸರದಿಯಲ್ಲಿ ಮೇಯಿಸಿದರೆ, ಬಿಟ್ಟ ಭಾಗದಲ್ಲಿ ಕುದುರೆಮಸಾಲೆ, ಕ್ಲೋವರ್‌ನಂಥ ಮೇವಿನ ಗಿಡಗಳು ಹೂ ಬಿಡುತ್ತವೆ, ಜೇನು ತಾನಾಗಿ ಬರುತ್ತದೆ.

ಹಾಗಂತ ಈ ಹೂಗಳ ಪರಾಗಸ್ಪರ್ಶಕ್ಕೆ ಸುಮ್ನೆ ಜೇನುಪೆಟ್ಟಿಗೆ ಇಟ್ಟರೆ ಮುಗಿಯಲ್ಲ. ಕುದುರೆಮಸಾಲೆ ಹೂವಿನ ಮೇಲೆ ಕೂತರೆ ಒಳಗಿನ ಕೇಸರ ಸ್ಪ್ರಿಂಗ್ ಥರ ಚಿಮ್ಮಿ ನೊಣದ ತಲೆಗೆ ಟಪ್ ಅಂತ ಹೊಡೆಯುತ್ತದೆ. ಪೆಟ್ಟಿಗೆ ಜೇನು ಜಾಣ, ಪೆಟ್ಟು ತಪ್ಪಿಸಿ ಪಕ್ಕದಿಂದ ಮಕರಂದ ಕದಿಯುವುದೇ ಜಾಸ್ತಿ! ಎಲೆ ಕತ್ತರಿಸಿ ಗೂಡು ಕಟ್ಟುವ ಒಂಟಿ ಜೇನುಗಳು ಹಾಗಲ್ಲ, ಹೊಡೆಸಿಕೊಂಡೇ ಕೆಲಸ ಮಾಡುತ್ತವೆ. ಒಂಟಿ ಜೇನುಗಳಲ್ಲಿ ಹೆಚ್ಚಿನವು ನೆಲದೊಳಗೆ ಗೂಡು ಮಾಡುವುದರಿಂದ, ಬೇಲಿ ಬದಿಯ ಮಣ್ಣನ್ನು ಉಳದೆ ಬಿಡಿ.