ನಾಟಿ ಪ್ಯಾಕೇಜು, ಊಟ ಸೇರಿ

ಮೊಮ್ಮಗಳ ಶಾಲೆಯಿಂದ ವಾಟ್ಸಾಪಿನಲ್ಲಿ ಸುತ್ತೋಲೆ ಬಂತು. 'ನಮ್ಮ ಅನ್ನ ನಾವೇ ಬೆಳೆಯೋಣ.' ತಲೆಗೆ 1,800 ರೂಪಾಯಿ, ಊಟ ಸೇರಿ. ತರಬೇಕಾದದ್ದು ಗಮ್ ಬೂಟು, ಸನ್‌ಸ್ಕ್ರೀನು, ಸ್ಯಾನಿಟೈಸರು, ಎರಡು ಜೊತೆ ಬಟ್ಟೆ. ಕೆಸರಿಗೆ ಇಳಿಯೋ ಮಗುವಿಗೆ ಸ್ಯಾನಿಟೈಸರು ಯಾಕೆ ಅಂತ ಕೇಳಬಾರದು. ಮನೆಯಿಂದ ಒಬ್ಬರು ಜೊತೆಗೆ ಬರಬಹುದಂತೆ, ಅವರ ದುಡ್ಡು ಬೇರೆ. ಮಗ, ಸೊಸೆ ಇಬ್ಬರಿಗೂ ಮೀಟಿಂಗು. ಹಳ್ಳಿಯಲ್ಲಿ ಹುಟ್ಟಿದವನು ಅನ್ನೋ ಒಂದೇ ಅರ್ಹತೆ ಮೇಲೆ ನನ್ನನ್ನು ಕಳಿಸಿದರು.

ವ್ಯವಸ್ಥೆ ಮಾತ್ರ ಅಮೋಘ. ಕನಕಪುರ ರಸ್ತೆ ಕಡೆ ಒಂದು ತೋಟ. ಗೇಟಿನಲ್ಲೇ ಮಕ್ಕಳ ಹಣೆಗೆ ಕುಂಕುಮ, ಹೆಗಲಿಗೆ ಹಸಿರು ಶಾಲು. ಇದೇ ಶಾಲು ಹಾಕಿಕೊಂಡು ನಿಜವಾದ ರೈತ ಪ್ರತಿಭಟನೆಗೆ ಅಂತ ಬೆಂಗಳೂರಿಗೆ ಬಂದರೆ ಪೊಲೀಸರು ಫ್ರೀಡಂ ಪಾರ್ಕ್ ಬಿಟ್ಟು ಆಚೆ ಹೆಜ್ಜೆ ಇಡೋಕೆ ಬಿಡಲ್ಲ. ಇಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು. ಹೊರಡುವಾಗ ಶಾಲು ವಾಪಸ್ ಕೊಡಬೇಕು ಅಷ್ಟೆ, ಮುಂದಿನ ಬ್ಯಾಚಿಗೆ ಬೇಕಲ್ವಾ.

ಆಮೇಲೆ ನಾಟಿ. ಪೈರಿನ ಹಿಡಿಗಳನ್ನು ಬದುವಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು, ಮದುವೆ ಮನೆ ತಾಂಬೂಲದ ಹಾಗೆ. ನಾಟಿ ಹಾಕುವವರು ಬಗ್ಗಿ, ಎರಡು ಮೂರು ಪೈರು ಬೇರು ಹಿಡಿದು ಊರುತ್ತಾ ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ನೆಟ್ಟದ್ದು ಕಾಲಿಗೆ ಸಿಗಬಾರದು ಅಂತ. ಆದರೆ ಫೋಟೋಗ್ರಾಫರು ಎದುರುಗಡೆ ಬದುವಿನ ಮೇಲೆ ನಿಂತಿದ್ದರು. ಹಾಗಾಗಿ ಮಕ್ಕಳು ಮುಂದಕ್ಕೆ ನಾಟಿ ಹಾಕಿದರು. ಅಂದರೆ ನೆಡೋದು, ಅದನ್ನೇ ತುಳಿಯೋದು, ಮತ್ತೆ ನೆಡೋದು. ಹತ್ತು ನಿಮಿಷ. 'ಸೂಪರ್ ಫಾರ್ಮರ್ಸ್!' ಅಂತ ಟೀಚರ್ ಚಪ್ಪಾಳೆ ತಟ್ಟಿದರು.

ಊಟದ ಹೊತ್ತಿಗೆ ನಾನು ಮತ್ತೆ ಗದ್ದೆ ಕಡೆ ಹೋದೆ. ಇಬ್ಬರು ಹೆಂಗಸರು ಮಕ್ಕಳು ನೆಟ್ಟ ಪೈರನ್ನೆಲ್ಲ ಕೀಳುತ್ತಿದ್ದರು. ಯಾಕಮ್ಮಾ ಅಂದೆ. "ನಾಳಿಕ್ ಇನ್ನೊಂದ್ ಇಸ್ಕೂಲ್ ಬತ್ತದೆ ಸಾ. ಅವ್ರಿಗೂ ಗದ್ದೆ ಬೇಕಲ್ವ್ರಾ?" ಅಂದರು. ಹಾಗಾದರೆ ಕೊಯ್ಲು? ಇಬ್ಬರೂ ನಕ್ಕುಬಿಟ್ಟರು. ಆ ಗದ್ದೆ ಈವರೆಗೂ ತೆನೆ ಮುಖ ನೋಡಿಲ್ಲವಂತೆ. ಭತ್ತ ಬೆಳೆಯೋಕೆ ನಾಲ್ಕೈದು ತಿಂಗಳು ಬೇಕು, ಅಷ್ಟರಲ್ಲಿ ಎಷ್ಟು ಬಸ್ಸು ಬಂದುಹೋಗಬಹುದು, ಲೆಕ್ಕ ಹಾಕಿ. ಭತ್ತ ಬೆಳೆಯದೆ ಭತ್ತದ ಗದ್ದೆಯಲ್ಲಿ ಲಾಭ ಮಾಡುವುದನ್ನು ಕೃಷಿ ವಿಶ್ವವಿದ್ಯಾಲಯದವರು ಇನ್ನೂ ಕಂಡುಹಿಡಿದಿಲ್ಲ.

ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಹೊಸ ಶಿಕ್ಷಣದ ಮಾತೆತ್ತಿದಾಗ, ಮಕ್ಕಳ ಕೈಕೆಲಸದಿಂದಲೇ ಶಾಲೆ ಖರ್ಚು ಹುಟ್ಟಲಿ ಅಂದಿದ್ದರು. ಆಗ ಅದು ಆಗುವ ಮಾತಲ್ಲ ಅಂತ ಎಷ್ಟೋ ಜನ ವಾದ ಮಾಡಿದರು. ಈಗ ನೋಡಿ, ಮಗು ಹತ್ತು ನಿಮಿಷ ಬಗ್ಗಿದರೆ 1,800. ಬಾಪೂ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರೋ!

ಬಾಲಕಾರ್ಮಿಕ ಕಾನೂನಿನದ್ದೂ ತಮಾಷೆಯೇ. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸಿಕೊಳ್ಳಬಾರದು. ಮನೆಯ ಕೆಲಸಕ್ಕೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಕೈಜೋಡಿಸಬಹುದು ಅಂತ 2016ರ ತಿದ್ದುಪಡಿ ಹೇಳುತ್ತದೆ. ಅದರ ಬಗ್ಗೆ ನನ್ನ ತಕರಾರಿಲ್ಲ, ಮಕ್ಕಳು ಓದಬೇಕು. ಆದರೆ ಬೇರೆಯವರ ಗದ್ದೆಯಲ್ಲಿ ಕೂಲಿ ತಗೊಂಡು ನೆಟ್ಟರೆ ಅಪರಾಧ, ಕೂಲಿ ಕೊಟ್ಟು ನೆಟ್ಟರೆ ಶಿಕ್ಷಣ. ಇದಕ್ಕೆ ಸರ್ಟಿಫಿಕೇಟ್ ಬೇರೆ!

ಬಸ್ಸಿನಲ್ಲಿ ನನ್ನ ಪಕ್ಕ ಕೂತ ತಾಯಿಯೊಬ್ಬರು ಬಹಳ ಭಾವುಕರಾಗಿದ್ದರು. "ಅಂಕಲ್, ರೈತ ನಮ್ಮ ದೇಶದ ಬೆನ್ನೆಲುಬು, ಅಲ್ವಾ?" ಅಂದರು. ನನಗೆ ನಮ್ಮೂರಿನ ಒಬ್ಬ ಹುಡುಗ ನೆನಪಾದ. ನಾಲ್ಕು ಎಕರೆ, ಬೋರ್‌ವೆಲ್ಲಿನಲ್ಲಿ ನೀರಿದೆ, ಕುಡಿತ ಇಲ್ಲ. ವಯಸ್ಸು ಮೂವತ್ತೈದು ದಾಟಿದೆ, ಹೆಣ್ಣು ಸಿಕ್ಕಿಲ್ಲ. "ಹುಡುಗ ಏನ್ ಮಾಡ್ತಾನೆ?" "ವ್ಯವಸಾಯ." ಫೋನ್ ಕಟ್. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಹುಡುಗರು ಹೆಣ್ಣು ಸಿಗಲಪ್ಪಾ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ನೆನಪಿದೆಯಾ? ಅದರಲ್ಲಿ ಎಷ್ಟೋ ಜನ ಇಂಥ ಬೆನ್ನೆಲುಬುಗಳೇ. ಅದಾದ ಎರಡೇ ತಿಂಗಳಿಗೆ ಕೋಲಾರದಲ್ಲಿ ಕುಮಾರಸ್ವಾಮಿಯವರು, ರೈತನ ಮಗನನ್ನು ಮದುವೆಯಾಗುವ ಹುಡುಗಿಗೆ 2 ಲಕ್ಷ ಕೊಡ್ತೀವಿ ಅಂದರು. ಕಷ್ಟದ ಕೆಲಸಕ್ಕೆ ಭತ್ಯೆ ಇರಬೇಕಾದದ್ದೇ. ಆ ತಾಯಿಗೆ ಇದನ್ನೆಲ್ಲ ಹೇಳಲಿಲ್ಲ. ಅವರಿಗೂ ಒಬ್ಬಳೇ ಮಗಳು.

ಸರ್ಕಾರಿ ಶಾಲೆಗಳಲ್ಲೂ ಕೈತೋಟ ಇದೆ. ಬಿಸಿಯೂಟದ ತಟ್ಟೆ ತೊಳೆದ ನೀರು ನುಗ್ಗೆ ಗಿಡಕ್ಕೆ ಹೋಗುತ್ತೆ, ನುಗ್ಗೆ ಸೊಪ್ಪು ಸಾರಿಗೆ ಬೀಳುತ್ತೆ. ಗೇಟು ಮುರಿದಿದ್ದರೆ ಮೇಕೆಗೂ ಪಾಲು. ಬೇಸಿಗೆ ರಜೆಯಲ್ಲಿ ನೀರು ಹಾಕೋರು ಯಾರು ಅನ್ನೋ ಪ್ರಶ್ನೆಗೆ ಉತ್ತರವಿಲ್ಲದೆ ಅರ್ಧ ತೋಟ ಒಣಗುತ್ತೆ. ಅಂದರೆ ಅಸಲಿ ಬೇಸಾಯ. ಅಲ್ಲಿಗೆ ಫೋಟೋಗ್ರಾಫರು ಬರಲ್ಲ.

ಊಟ ಆದ ಮೇಲೆ ಪ್ರಶ್ನೋತ್ತರ ಇತ್ತು. ಒಬ್ಬ ಹುಡುಗ, "ರೈತರಿಗೆ ಏನು ಕಷ್ಟ ಇರುತ್ತೆ?" ಅಂತ ಕೇಳಿದ. ಗೈಡು, "ಮಳೆ ಬರಬೇಕು ಪುಟ್ಟಾ" ಅಂದ. ಅಷ್ಟೇನಾ? 2025ರ ಮುಂಗಾರಿನಲ್ಲಿ ಮಳೆ ಬಂದಿತ್ತು. ಯೂರಿಯಾ ಇರಲಿಲ್ಲ. 45 ಕೆಜಿ ಚೀಲಕ್ಕೆ 266 ರೂಪಾಯಿ ಐವತ್ತು ಪೈಸೆ, ಅಷ್ಟು ದುಡ್ಡು ಕೈಯಲ್ಲಿ ಹಿಡಿದು ಜನ ಸೊಸೈಟಿ ಮುಂದೆ ಬೆಳಗಿನ ಜಾವದಿಂದ ನಿಂತರು. ದೆಹಲಿ ಕಳಿಸಿಲ್ಲ ಅಂತ ಬೆಂಗಳೂರು, ಕಳಿಸಿದ್ದೀವಿ ಅಂತ ದೆಹಲಿ. ಕೊಪ್ಪಳದಲ್ಲಿ ಒಬ್ಬ ರೈತ ಗೊಬ್ಬರ ಸಿಗದೆ ಎಲ್ಲರೆದುರು ಮಣ್ಣು ತಿಂದ. ಅದರ ವಿಡಿಯೋ ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ, ನೋಡಿ ಮುಂದಕ್ಕೆ ತಳ್ಳಿದ್ದೇವೆ. 2008ರಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಿದವರ ಮೇಲೆ ಗೋಲಿಬಾರೇ ಆಗಿ ಇಬ್ಬರು ಸತ್ತರು. ಇಷ್ಟು ವರ್ಷ ಆದ ಮೇಲೂ ಅದೇ ಸೊಸೈಟಿ, ಅದೇ ಕ್ಯೂ. ಇದರಲ್ಲಿ ವಿಡಂಬನೆ ಮಾಡೋಕೆ ಏನೂ ಇಲ್ಲ. ಸುಮ್ನೆ ಹೊಟ್ಟೆ ಉರಿಯುತ್ತೆ.

ಇದನ್ನೂ ಮಕ್ಕಳಿಗೆ ಹೇಳಬಹುದಲ್ವಾ ಅಂತ ಟೀಚರನ್ನು ಕೇಳಿದೆ. "ಅದೆಲ್ಲ ಅವರ ವಯಸ್ಸಿಗೆ ತಕ್ಕದ್ದಲ್ಲ ಅಂಕಲ್" ಅಂದರು. ಮುಂದಿನ ತಿಂಗಳು ಕುಂಬಾರಿಕೆಯಂತೆ, 1,500 ರೂಪಾಯಿ. ಮಡಕೆ ಮೊದಲೇ ಮಾಡಿಟ್ಟಿರ್ತಾರೆ, ಮಕ್ಕಳು ಪಕ್ಕದಲ್ಲಿ ಕೈ ಇಟ್ಟರೆ ಸಾಕಂತೆ.