ಬೆಳಕಿಗೆಂದು ಇಟ್ಟ ಗಾಜು ಗಾಳಿಗೂ ತೆರೆದುಕೊಳ್ಳಲಿ

ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ಸುತ್ತಮುತ್ತ 1970 ಮತ್ತು 80ರ ದಶಕಗಳಲ್ಲಿ ಕಟ್ಟಿದ ಒಂದಂತಸ್ತಿನ ಮರದ ಮನೆಗಳಲ್ಲಿ ಅನೇಕವಕ್ಕೆ ನಡುಮನೆಯ ಅಥವಾ ಓಣಿಯಂಥ ಹಾದಿಯ ಮೇಲೆ ಅಕ್ರಿಲಿಕ್ ಎಂಬ ಗಾಜಿನಂಥ ಪ್ಲಾಸ್ಟಿಕ್ಕಿನ ಗುಮ್ಮಟದ ಸ್ಕೈಲೈಟ್, ಅಂದರೆ ಛಾವಣಿಯ ಬೆಳಕಿಂಡಿ ಇರುತ್ತದೆ. ಅದು ಬೆಳಕು ಕೊಡುತ್ತದೆ, ಆದರೆ ತೆರೆಯುವುದಿಲ್ಲ. ಜುಲೈ ತಿಂಗಳ ಸಂಜೆ ಹೊರಗೆ ತಂಗಾಳಿ ಬೀಸತೊಡಗಿದ ಮೇಲೂ ಮನೆಯೊಳಗಿನ ಬಿಸಿಗಾಳಿ ಮೇಲೇರಿ ಆ ಗುಮ್ಮಟದಡಿಯ ಕುಳಿಯಲ್ಲಿ ಸೇರಿಕೊಂಡು, ಹೊರಹೋಗಲು ದಾರಿಯಿಲ್ಲದೆ ನಡುರಾತ್ರಿಯವರೆಗೂ ಅಲ್ಲೇ ಉಳಿಯುತ್ತದೆ. ಇಂಥ ಮನೆಯಲ್ಲಿ ವಾಸಿಸುವ ನನಗೆ, ಮುಚ್ಚಿದ ಈ ಗಾಜನ್ನು ತೆರೆಯುವಂತೆ ಮಾಡಿಸುವುದು ಏರ್ ಕಂಡಿಷನರ್ ದೊಡ್ಡದು ಮಾಡಿಸುವುದಕ್ಕಿಂತ ಮೊದಲು ಯೋಚಿಸಬೇಕಾದ ಕೆಲಸ ಎಂದು ದೃಢವಾಗಿ ಅನ್ನಿಸುತ್ತದೆ. ಆದರೆ ಅದನ್ನು ಒಂಟಿ ಉಪಕರಣವೆಂದು ಕೊಂಡರೆ ಅರ್ಧ ಪ್ರಯೋಜನವೂ ಸಿಗುವುದಿಲ್ಲ ಎಂಬುದು, ಬಾಗಲಕೋಟೆ ಕಡೆಯ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಸುಲಭವಾಗಿ ಅರ್ಥವಾಗುವ ಸಂಗತಿ.

ಮಾಳಿಗೆ ಮನೆಯ ಗವಾಕ್ಷಿಯನ್ನು ನೋಡಿ. ದಪ್ಪ ಮಣ್ಣಿನ ಸಮತಟ್ಟು ಛಾವಣಿಯಲ್ಲಿ ಒಂದೆರಡು ಚಿಕ್ಕ ಕಿಂಡಿಗಳು. ಅಡುಗೆಮನೆಯ ಹೊಗೆ ಅದರಿಂದಲೇ ಹೊರಹೋಗಬೇಕು, ಬೆಳಕು ಅದರಿಂದಲೇ ಒಳಬರಬೇಕು. ಮಳೆ ಬಂದರೆ ಯಾರಾದರೂ ಏಣಿ ಹತ್ತಿ ಕಲ್ಲಿನ ಚಪ್ಪಡಿ ಎಳೆದು ಮುಚ್ಚಬೇಕು. ಕಿಂಡಿ ಚಿಕ್ಕದಾದ್ದರಿಂದ ಒಳಬೀಳುವ ಬಿಸಿಲು ಅಂಗೈಯಷ್ಟೇ. ಛಾವಣಿ ಮತ್ತು ಗೋಡೆಗಳು ದಪ್ಪವಾದ್ದರಿಂದ ರಾತ್ರಿಯ ತಂಪನ್ನು ಹೀರಿಕೊಂಡು ಮರುದಿನದ ಮಧ್ಯಾಹ್ನದವರೆಗೆ ಕಾಯ್ದಿಡುತ್ತವೆ. ಕರಾವಳಿಯಲ್ಲಿ ಲೆಕ್ಕವೇ ಬೇರೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹರಡಿದ ಹಂಚಿನ ಛಾವಣಿಯಲ್ಲಿ ಬೆಳಕಿಗಾಗಿ ಅಲ್ಲೊಂದು ಇಲ್ಲೊಂದು ಗಾಜಿನ ಹಂಚು ಕೂರಿಸುವ ರೂಢಿಯಿದೆ. ಆ ಗಾಜೂ ತೆರೆಯುವುದಿಲ್ಲ, ಆದರೂ ತೊಂದರೆಯಿಲ್ಲ. ಏಕೆಂದರೆ ಹಂಚು ಹಂಚುಗಳ ನಡುವಿನ ಸಂದಿನಲ್ಲಿ ಇಡೀ ಛಾವಣಿಯೇ ಉಸಿರಾಡುತ್ತದೆ. ತೆರೆಯದ ಗಾಜು ಕಷ್ಟ ಕೊಡುವುದು ಗಾಳಿ ಆಡದಂತೆ ಬಿಗಿದ ಮನೆಯಲ್ಲಿ, ಅಂದರೆ ನಾವು ಇಲ್ಲಿ ವಾಸಿಸುವಂಥ ಮನೆಯಲ್ಲಿ.

ಸ್ಯಾಕ್ರಮೆಂಟೊದ ಹವಾಮಾನ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಜುಲೈಯಲ್ಲಿ ಹಗಲಿನ ಗರಿಷ್ಠ ಉಷ್ಣತೆ ಸಾಮಾನ್ಯವಾಗಿ 33–34 ಡಿಗ್ರಿ ಸೆಲ್ಸಿಯಸ್ ಇದ್ದರೂ, ಸಂಜೆಯಾಗುತ್ತಲೇ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಡೆಯಿಂದ ಕಾರ್ಕಿನೆಜ್ ಜಲಸಂಧಿಯ ಮೂಲಕ ನುಗ್ಗುವ ಕಡಲಗಾಳಿ ನಸುಕಿನ ಹೊತ್ತಿಗೆ ಅದನ್ನು 15–16 ಡಿಗ್ರಿಗೆ ಇಳಿಸುತ್ತದೆ. ಇಲ್ಲಿನವರು ಅದನ್ನು ಡೆಲ್ಟಾ ಬ್ರೀಜ್ ಎನ್ನುತ್ತಾರೆ. ಹಗಲು ರಾತ್ರಿಗಳ ನಡುವೆ ಇಷ್ಟು ಅಂತರವಿರುವ ಊರಿನಲ್ಲಿ ರಾತ್ರಿಯ ಗಾಳಿಯನ್ನು ಮನೆಯೊಳಗೆ ಹರಿಯಬಿಡದೆ ಬೆಳಗಿನವರೆಗೂ ಕಂಪ್ರೆಸರ್ ಓಡಿಸುವುದು ನನಗೆ ಒಪ್ಪಿಗೆಯಾಗದ ಅಭ್ಯಾಸ.

ಹಾಗಾದರೆ ತೆರೆದ ಸ್ಕೈಲೈಟ್ ಎಷ್ಟು ಗಾಳಿಯನ್ನು ಹೊರಹಾಕಬಲ್ಲದು? ಬಿಸಿಗಾಳಿ ಹಗುರವಾದ್ದರಿಂದ ಮೇಲೇರುತ್ತದೆ. ಅದರ ಹರಿವು ಕಿಂಡಿಯ ವಿಸ್ತೀರ್ಣಕ್ಕೆ ನೇರ ಅನುಪಾತದಲ್ಲಿಯೂ, ಕೆಳಗಿನ ಕಿಟಕಿಗೂ ಮೇಲಿನ ಕಿಂಡಿಗೂ ಇರುವ ಎತ್ತರ ಮತ್ತು ಒಳಹೊರಗಿನ ಉಷ್ಣತೆಯ ಅಂತರ ಇವುಗಳ ಗುಣಲಬ್ಧದ ವರ್ಗಮೂಲಕ್ಕೆ ಅನುಪಾತದಲ್ಲಿಯೂ ಇರುತ್ತದೆ. ಎರಡಡಿ ಅಗಲ, ನಾಲ್ಕಡಿ ಉದ್ದದ ಸ್ಕೈಲೈಟ್ ಪೂರ್ತಿ ಬಾಯಿ ತೆರೆಯುವುದಿಲ್ಲವಾದ್ದರಿಂದ ಸುಮಾರು 0.3 ಚದರ ಮೀಟರ್ ದಾರಿ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಮೂರು ಮೀಟರ್ ಎತ್ತರ, ಆರು ಡಿಗ್ರಿ ಅಂತರವಿದ್ದರೆ ಗಂಟೆಗೆ ಸುಮಾರು 700 ಘನ ಮೀಟರ್ ಗಾಳಿ ಹೊರಹೋಗುತ್ತದೆ. 1600 ಚದರಡಿಯ ಮನೆಯ ಗಾಳಿಯೆಲ್ಲ ಗಂಟೆಗೆ ಹೆಚ್ಚುಕಡಿಮೆ ಎರಡು ಬಾರಿ ಬದಲಾದಂತೆ. ಸದ್ದಿಲ್ಲದೆ, ವಿದ್ಯುತ್ತಿಲ್ಲದೆ ಇಷ್ಟು ನಡೆಯುತ್ತದೆ ಎಂಬುದು ಸಣ್ಣ ಮಾತಲ್ಲ. ಆದರೆ ಮನೆ ತಣ್ಣಗಾದಂತೆ ಅಂತರ ಕಡಿಮೆಯಾಗಿ ಹರಿವೂ ಮಂದವಾಗುತ್ತದೆ, ಮತ್ತು ಕೆಳಗೆ ಅದಕ್ಕಿಂತ ಸಾಕಷ್ಟು ದೊಡ್ಡ ದಾರಿ ತೆರೆದಿರದಿದ್ದರೆ ಈ ಲೆಕ್ಕವೆಲ್ಲ ಕಾಗದದ ಮೇಲೆಯೇ ಉಳಿಯುತ್ತದೆ. ಮೇಲಿನ ಗಾಜು ತೆರೆದು ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಮಲಗುವವರು, ಇದರಿಂದ ಏನೂ ಉಪಯೋಗವಿಲ್ಲ ಎಂದು ದೂರುವುದನ್ನು ನಾನು ಇಲ್ಲಿನ ಗೆಳೆಯರ ಮನೆಗಳಲ್ಲಿ ಕೇಳಿದ್ದೇನೆ.

ಇಲ್ಲಿ ಇದಕ್ಕೆ ಪ್ರತಿಸ್ಪರ್ಧಿಯಾಗಿರುವುದು ಮನೆಯ ಒಳಛಾವಣಿಯಲ್ಲಿ ಕೂರಿಸಿ ಗಾಳಿಯನ್ನು ಅಟ್ಟಕ್ಕೆ ತಳ್ಳುವ ದೊಡ್ಡ ಫ್ಯಾನು. ರಾಜ್ಯದ ಇಂಧನ ಸಂಹಿತೆಯು ಹೊಸ ಮನೆಗಳಿಗೆ ಹೇಳುವ ನಿಗದಿತ ವಿಧಾನದಲ್ಲಿ, 8ರಿಂದ 14ರವರೆಗಿನ ಹವಾಮಾನ ವಲಯಗಳಿಗೆ ಇಂಥ ಫ್ಯಾನು ಸೇರಿದೆ. ಸ್ಯಾಕ್ರಮೆಂಟೊ 12ನೆಯ ವಲಯದಲ್ಲಿದೆ. ಗಾಳಿಯ ಪ್ರಮಾಣವನ್ನಷ್ಟೇ ನೋಡಿದರೆ ಫ್ಯಾನು ಸ್ಕೈಲೈಟಿಗಿಂತ ಐದು ಪಟ್ಟಿಗೂ ಮಿಗಿಲು. ಹೊಸ ಮನೆಯವರು ಅದನ್ನೇ ಆರಿಸಿಕೊಂಡರೆ ನಾನು ಆಕ್ಷೇಪಿಸಲಾರೆ. ಆದರೆ ಈಗಾಗಲೇ ಛಾವಣಿಯಲ್ಲಿ ತೂತು ಇರುವ, ಗಾಜು ಹಳೆಯದಾಗಿ ಹೇಗಿದ್ದರೂ ಬದಲಿಸಬೇಕಾಗಿರುವ ಮನೆಯಲ್ಲಿ ಅದೇ ತೂತಿಗೆ ತೆರೆಯುವ ಗಾಜು ಕೂರಿಸುವುದು ಹೆಚ್ಚು ಸಹಜವಾದ ದಾರಿ. ಅಲ್ಲದೆ ಕಿಟಕಿ ತೆರೆಯದೆ ದೊಡ್ಡ ಫ್ಯಾನು ಹಾಕಿದರೆ ಗ್ಯಾಸ್ ಗೀಸರಿನ ಹೊಗೆಯೇ ಮನೆಯೊಳಕ್ಕೆ ಎಳೆದುಕೊಂಡು ಬರುವ ಅಪಾಯವಿದೆ. ತಾನಾಗಿ ಮೇಲೇರುವ ಗಾಳಿಗೆ ಅಷ್ಟು ಬಲವಿಲ್ಲ.

ಬದಲಾಯಿಸುವ ಕೆಲಸದಲ್ಲಿ ಮೊದಲು ತಿಳಿಯಬೇಕಾದ್ದು ಗಾಜು ಯಾವುದರ ಮೇಲೆ ಕೂತಿದೆ ಎಂಬುದು. ಹಳೆಯ ಗುಮ್ಮಟಗಳು ಸಾಮಾನ್ಯವಾಗಿ ಛಾವಣಿಯಿಂದ ನಾಲ್ಕಾರು ಅಂಗುಲ ಎತ್ತರಿಸಿದ ಮರದ ಕಟ್ಟೆಯ ಮೇಲೆ ಟೋಪಿಯಂತೆ ಕೂತಿರುತ್ತವೆ. ಕಟ್ಟೆ ಕೊಳೆಯದೆ ಗಟ್ಟಿಯಾಗಿದ್ದು ಅಳತೆ ಹೊಂದಿದರೆ, ಗುಮ್ಮಟವನ್ನು ತೆಗೆದು ತೆರೆಯುವ ಗಾಜಿನ ಚೌಕಟ್ಟನ್ನು ಅದೇ ಕಟ್ಟೆಯ ಮೇಲೆ ಇಡಬಹುದು. ಛಾವಣಿಯ ತೊಲೆಗಳನ್ನು ಮುಟ್ಟಬೇಕಾಗಿಲ್ಲ. ಕಟ್ಟೆಯಿಲ್ಲದೆ ನೇರವಾಗಿ ಛಾವಣಿಯ ಹಲಗೆಗೆ ಬಿಗಿದ ಗಾಜಾದರೆ ಅದರ ಸುತ್ತಲಿನ ತಗಡಿನ ಪಟ್ಟಿಯೂ ಹೊದಿಕೆಯೂ ಬದಲಾಗಬೇಕಾದ್ದರಿಂದ, ಛಾವಣಿಯ ಹೊದಿಕೆಯನ್ನು ಹೊಸದು ಮಾಡಿಸುವ ವರ್ಷಕ್ಕೆ ಆ ಕೆಲಸವನ್ನು ಕಾಯ್ದಿಡುವುದು ಮೇಲು. ಹಳೆಯ ಗುಮ್ಮಟಕ್ಕೇ ಬಿಜಾಗರಿ ಹಾಕಿ ಎತ್ತುವಂತೆ ಮಾಡಿಕೊಳ್ಳುವವರೂ ಇದ್ದಾರೆ. ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಬಿಜಾಗರಿಯ ಸಾಲಿನಲ್ಲಿ ನೀರು ಇಳಿಯುತ್ತದೆ, ಬಿರುಗಾಳಿಗೆ ಗುಮ್ಮಟ ಕಿತ್ತುಹೋಗಬಹುದು, ಬಿಸಿಲಿಗೆ ಒಣಗಿದ ಅಕ್ರಿಲಿಕ್ ತಿರುಪಿನ ತೂತುಗಳ ಬಳಿಯೇ ಸೀಳುತ್ತದೆ. ಅದರ ಮೇಲೆ ಕೈಯೂರಿ ಅಥವಾ ಕಾಲಿಟ್ಟು ಕೆಳಗೆ ಬಿದ್ದರೆ ಜೀವಕ್ಕೇ ಅಪಾಯ.

ತೆರೆಯುವ ಬಗೆಗಳಲ್ಲಿ ಕೋಲಿನಿಂದ ತಿರುಗಿಸುವಂಥದ್ದು, ಮನೆಯ ವಿದ್ಯುತ್ತಿನಿಂದ ಓಡುವಂಥದ್ದು, ಚೌಕಟ್ಟಿನ ಮೇಲಿನ ಪುಟ್ಟ ಸೌರಫಲಕದಿಂದ ಬ್ಯಾಟರಿ ತುಂಬಿಕೊಳ್ಳುವಂಥದ್ದು ಸಿಗುತ್ತವೆ. ಹಳೆಯ ಮನೆಗೆ ಕೊನೆಯದು ಅನುಕೂಲ, ತಂತಿ ಎಳೆಯಬೇಕಾಗಿಲ್ಲ. ಮಳೆಯ ಹನಿ ಬಿದ್ದರೆ ತಾನೇ ಮುಚ್ಚಿಕೊಳ್ಳುವ ಸಂವೇದಕವೂ ಅದರಲ್ಲಿ ಇರುತ್ತದೆ. ಏಣಿ ಹತ್ತಿ ಚಪ್ಪಡಿ ಎಳೆಯುತ್ತಿದ್ದವರ ಶ್ರಮವನ್ನು ನೆನೆದರೆ ಇದು ನಿಜವಾಗಿಯೂ ದೊಡ್ಡ ಉಪಕಾರ.

ಇಷ್ಟೆಲ್ಲ ಹೇಳಿದ ಮೇಲೂ ನಾನು ತೆರೆಯುವುದಕ್ಕಿಂತ ಮೊದಲು ನೆರಳನ್ನೇ ಕೇಳುತ್ತೇನೆ. ಬೇಸಿಗೆಯ ನಡುಹಗಲು ಸೂರ್ಯ ನೆತ್ತಿಯ ಹತ್ತಿರವಿರುವಾಗ ಹೆಚ್ಚುಕಡಿಮೆ ಸಮತಟ್ಟಾಗಿ ಮಲಗಿದ ಗಾಜಿನ ಪ್ರತಿ ಚದರ ಮೀಟರಿಗೆ 900 ವಾಟಿನಷ್ಟು ಬಿಸಿಲು ಬೀಳುತ್ತದೆ. ಎರಡಡಿ–ನಾಲ್ಕಡಿಯ ಹಳೆಯ ತಿಳಿಗಾಜು ಅದರಲ್ಲಿ ಸುಮಾರು 500 ವಾಟ್ ಒಳಬಿಡಬಲ್ಲದು. ಒಳಗಿನಿಂದ ಪರದೆ ಎಳೆದರೆ ಶಾಖ ಆಗಲೇ ಒಳಬಂದಾಗಿರುತ್ತದೆ, ಆದ್ದರಿಂದ ಪರದೆ ಗಾಜಿನ ಹೊರಗಿರಬೇಕು. ಹಗಲಲ್ಲಿ ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿರುವಾಗ ಗಾಜು ಮುಚ್ಚಿಯೇ ಇರಬೇಕು. ಜೊತೆಗೆ, ಮಾಳಿಗೆ ಮನೆಯ ಗೋಡೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನೆಲದ ಕಾಂಕ್ರೀಟು ಮಾಡಬಲ್ಲದು. ಅದರ ಮೇಲಿನ ಕಾರ್ಪೆಟ್ ತೆಗೆದು ಟೈಲ್ಸ್ ಹಾಕಿದರೆ ರಾತ್ರಿಯ ತಂಪು ಹಿಡಿದುಕೊಳ್ಳಲು ಜಾಗ ಸಿಗುತ್ತದೆ.

ಎಲ್ಲ ದಿನವೂ ಇದು ನಡೆಯುವುದಿಲ್ಲ ಎಂಬುದನ್ನೂ ಒಪ್ಪಬೇಕು. 2022ರ ಸೆಪ್ಟೆಂಬರ್ 6ರಂದು ಸ್ಯಾಕ್ರಮೆಂಟೊದಲ್ಲಿ ಉಷ್ಣತೆ 46.7 ಡಿಗ್ರಿ ಮುಟ್ಟಿತು; ಕಡಲಗಾಳಿ ಕೈಕೊಡುವ ಅಂಥ ದಿನಗಳಲ್ಲಿ ಏರ್ ಕಂಡಿಷನರ್ ಇಲ್ಲದೆ ಮಕ್ಕಳು, ವೃದ್ಧರು ಉಳಿಯುವುದು ಕಷ್ಟ. 2018ರ ನವೆಂಬರಿನಲ್ಲಿ ಪ್ಯಾರಡೈಸ್ ಊರನ್ನು ಸುಟ್ಟ ಕಾಡ್ಗಿಚ್ಚಿನ ಹೊಗೆ ಇಲ್ಲಿಯವರೆಗೂ ಬಂದಾಗಿನಂತೆ, ಹೊಗೆಯ ದಿನಗಳಲ್ಲಿ ಮೇಲಿನ ಗಾಜೂ ಕೆಳಗಿನ ಕಿಟಕಿಯೂ ಬಿಗಿಯಾಗಿ ಮುಚ್ಚಿರಬೇಕು. ಆದ್ದರಿಂದ ಕೊಳ್ಳುವಾಗ ಚೆನ್ನಾಗಿ ತೆರೆಯುತ್ತದೆಯೇ ಎಂಬುದರಷ್ಟೇ ಚೆನ್ನಾಗಿ ಮುಚ್ಚುತ್ತದೆಯೇ ಎಂದೂ ವಿಚಾರಿಸಬೇಕು.

ಬೆಂಗಳೂರಿನ ಬಂಧುಗಳ ಹೊಸ ಮನೆಗಳಲ್ಲಿ ಮೆಟ್ಟಿಲಿನ ಮೇಲೆ ಗಟ್ಟಿ ಗಾಜನ್ನೋ ಪಾಲಿಕಾರ್ಬೊನೇಟ್ ಹಾಳೆಯನ್ನೋ ಅಲುಗಾಡದಂತೆ ಸಿಲಿಕೋನ್ ಬಳಿದು ಕೂರಿಸಿರುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಏಪ್ರಿಲಿನಲ್ಲೂ ರಾತ್ರಿ 22 ಡಿಗ್ರಿಯ ಆಸುಪಾಸಿಗೆ ಇಳಿಯುವ ಊರಿನಲ್ಲಿ ಮೇಲಿನ ಮಹಡಿಯ ಕೋಣೆಗಳು ಬೇಯಬೇಕಾದ ಕಾರಣವಿಲ್ಲ. ಅಲ್ಲಿ ಮೋಟಾರು ಕೂಡ ಬೇಡ. ಗಾಜಿನ ಕೆಳಗೆ ನಾಲ್ಕೂ ಬದಿಯಲ್ಲಿ ಒಂದಡಿ ಎತ್ತರದ ಗೋಡೆ ಎಬ್ಬಿಸಿ, ಅದರಲ್ಲಿ ಓರೆಪಟ್ಟಿಯ ಲೂವರ್ ಮತ್ತು ಸೊಳ್ಳೆ ಜಾಲರಿ ಕೂರಿಸಿ, ಗಾಜನ್ನು ಮಳೆ ಎರಚದಷ್ಟು ಹೊರಚಾಚಿದರೆ ಬಿಸಿಗಾಳಿ ಹಗಲೂ ರಾತ್ರಿಯೂ ತಾನಾಗಿ ಹೊರಹೋಗುತ್ತದೆ. ಮನೆ ಕಟ್ಟುವಾಗಲೇ ಮೇಸ್ತ್ರಿಗೆ ಹೇಳಿದರೆ ಇದು ಕೆಲವೇ ದಿನಗಳ ಗಾರೆ ಕೆಲಸ. ಗೃಹಪ್ರವೇಶವಾದ ಮೇಲೆ ಮಾಡಿಸಹೊರಟರೆ ಗಾಜು ಇಳಿಸಿ, ಅಟ್ಟಣೆ ಕಟ್ಟಿ, ನೀರು ಸೋರದಂತೆ ಮತ್ತೆ ಹೊಸದಾಗಿ ಬಂದೋಬಸ್ತು ಮಾಡಬೇಕಾಗುತ್ತದೆ.