ಒಂದು ಪೈಸೆ ಪಡೆಯದೆ ಆಡಿದವರಿಗೆ ದುರಾಸೆಯ ಪಟ್ಟ

ನಿನ್ನೆ ರಾತ್ರಿ ಗೆಳೆಯರ ವಾಟ್ಸಾಪ್ ಗುಂಪಿಗೆ 2005ರ ಹರ್ಲಿಂಗ್ ಫೈನಲ್‌ನ ತುಣುಕೊಂದನ್ನು ಹಾಕಿದೆ. ಹರ್ಲಿಂಗ್ ಅಂದರೆ ಐರ್ಲೆಂಡಿನ ಕೋಲು-ಚೆಂಡಿನ ಆಟ, ನನಗೆ ಅದರ ಹುಚ್ಚು. ಗಾಲ್ವೇ ಕೌಂಟಿಯ (ಕೌಂಟಿ ಅಂದರೆ ಅಲ್ಲಿನ ಜಿಲ್ಲೆ) ತಂಡವನ್ನು ಸೋಲಿಸಿದ ಕಾರ್ಕ್ ಕೌಂಟಿ ತಂಡದ ನಾಯಕ ಶಾನ್ ಓಗ್ ಓ ಹಾಲ್ಪೀನ್ ಕಪ್ ಎತ್ತಿ ಐರಿಷ್‌ನಲ್ಲಿ ಮಾತಾಡುವ ದೃಶ್ಯ ಅದು. ಹುಟ್ಟಿದ್ದು ಫಿಜಿಯಲ್ಲಿ, ಬಾಲ್ಯ ಸಿಡ್ನಿಯಲ್ಲಿ, 11ನೇ ವಯಸ್ಸಿಗೆ ಕಾರ್ಕ್‌ಗೆ ಬಂದ ಹುಡುಗ. ನನಗೆ ಆ ಭಾಷೆಯ ಒಂದಕ್ಷರ ಬರಲ್ಲ, ಆದರೂ ನೋಡಿದಾಗಲೆಲ್ಲ ಕಣ್ಣು ತುಂಬುತ್ತೆ. ಗುಂಪಿನಲ್ಲಿ ಬಂದ ಮೊದಲ ಪ್ರಶ್ನೆ: "ಗುರೂ, ಇವ್ನು ಎಷ್ಟು ಕೋಟಿ ಮಾಡ್ದ?" ಇನ್ನೂ ಮೈ ಉರೀತಿದೆ ನನಗೆ.

ಹರ್ಲಿಂಗ್ ಆಡಿದವರಿಗೆ ಸಂಬಳ ಇಲ್ಲ ಕಣ್ರೀ. ಈ ಆಟ ನಡೆಸುವ, 1884ರಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಸಂಸ್ಥೆಯ ನಿಯಮ ಇವತ್ತಿಗೂ ಅದೇ. ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ 82,000ಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ಕೂರುತ್ತಾರೆ, ಟಿವಿಯಿಂದ ಹಣ ಬರುತ್ತೆ, ಕಚೇರಿಯವರಿಗೆ ಸಂಬಳ ಸಿಗುತ್ತೆ. ಮೈದಾನದಲ್ಲಿ ಪೆಟ್ಟು ತಿನ್ನುವವನು ಸೋಮವಾರ ತನ್ನ ಕೆಲಸಕ್ಕೆ ಹೋಗಬೇಕು. ಶಾನ್ ಓಗ್ ದುಡಿದದ್ದು ಬ್ಯಾಂಕಿನಲ್ಲಿ.

ಅವನು ಆಡುತ್ತಿದ್ದ ಜಾಗ ನೋಡಿ. 7ನೇ ನಂಬರಿನ ಅಂಗಿ, ಎಡಬದಿಯ ರಕ್ಷಣೆ. ಎದುರಾಳಿ ಗೋಲ್‌ಕೀಪರ್ ಬಾರಿಸಿದ ಚೆಂಡು ಆಕಾಶದಿಂದ ಇಳಿಯುವಾಗ ಕೆಳಗೆ ಮೂರ್ನಾಲ್ಕು ಜನ ಮರದ ಕೋಲು ಬೀಸುತ್ತಿರುತ್ತಾರೆ. ಆ ಕೋಲುಗಳ ನಡುವೆ ಬರಿಗೈ ಎತ್ತಿ ಚೆಂಡು ಹಿಡಿಯಬೇಕು. ಬೆರಳು ಮುರಿದರೂ ಮುರಿದೀತು. ಹೆಲ್ಮೆಟ್ ಕಡ್ಡಾಯವಾದದ್ದೇ 2010ರಲ್ಲಿ. 2001ರಲ್ಲಿ ಕಾರು ಅಪಘಾತವಾಗಿ ಮೊಣಕಾಲು ಕಳೆದುಕೊಳ್ಳುವ ಸ್ಥಿತಿಗೆ ಬಂದಿದ್ದವನು, 2004ರಲ್ಲಿ ವರ್ಷದ ಶ್ರೇಷ್ಠ ಆಟಗಾರನಾದ.

ನನ್ನ ಕೋಪ ಇರುವುದು ಇಲ್ಲಿ. 2002ರ ಕೊನೆಗೆ ಕಾರ್ಕ್ ಆಟಗಾರರು ಮುಷ್ಕರ ಹೂಡಿದರು. ಕೇಳಿದ್ದೇನು? ಸರಿಯಾದ ವೈದ್ಯಕೀಯ ಸೌಲಭ್ಯ, ಪ್ರಯಾಣದ ವ್ಯವಸ್ಥೆ, ಆಟದ ಬಟ್ಟೆಬರೆ. ಅಷ್ಟಕ್ಕೇ ಅವರನ್ನು ದುರಾಸೆಯವರು, ಅಹಂಕಾರಿಗಳು ಅಂದರು. ಬಿಟ್ಟಿ ದುಡಿಯುವವನು ಡಾಕ್ಟರ್ ಬೇಕು ಅಂದರೆ ಅದು ದುರಾಸೆಯೇ? ಕಾರ್ಕ್ ತಂಡ ನಡೆಸುವ ಮಂಡಳಿ ಕೊನೆಗೆ ಬಗ್ಗಿತು. ಮರುವರ್ಷ ಫೈನಲ್‌ನಲ್ಲಿ ಕಿಲ್ಕೆನಿ ಎದುರು ಸೋತರು, 2004ರಲ್ಲಿ ಅದೇ ಕಿಲ್ಕೆನಿಯನ್ನು ಸೋಲಿಸಿದರು, 2005ರಲ್ಲಿ ಮತ್ತೆ ಗೆದ್ದರು. ಸೌಲಭ್ಯ ಕೇಳಿದ್ದರಿಂದ ಆಟ ಕೆಟ್ಟಿತೇನು?

ದುಡ್ಡು ಬಂದರೆ ಆಟದ ಆತ್ಮ ಹೋಗುತ್ತೆ, ಊರಿನ ತಂಡಗಳು ಹರಾಜಿಗೆ ಬೀಳುತ್ತವೆ ಅಂತ ವಾದ ಮಾಡುವವರಿದ್ದಾರೆ. ಇರಲಿ, ಆ ಭಯ ನನಗೆ ಅರ್ಥವಾಗುತ್ತೆ. ಆದರೆ ಇವರು ಕೋಟಿ ಕೇಳಿರಲಿಲ್ಲ. ಆಟದ ಆತ್ಮ ಉಳಿಸುವ ಭಾರವನ್ನೆಲ್ಲ ಆಟಗಾರನ ಮೊಣಕಾಲ ಮೇಲೇ ಹೇರಬೇಕು ಅನ್ನುವುದು ಯಾವ ನ್ಯಾಯ? ಶಾನ್ ಓಗ್‌ನ ತಮ್ಮ ಸೆಟಾಂಟಾ 2003ರ ಫೈನಲ್‌ನಲ್ಲಿ ಗೋಲು ಹೊಡೆದು, ಆಮೇಲೆ ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಕಾರ್ಲ್‌ಟನ್ ಕ್ಲಬ್ಬಿಗೆ ಸಂಬಳದ ಆಟಕ್ಕೆ ಹೋದ. ಹೋಗಿದ್ದು ತಪ್ಪು ಅನ್ನಲಾರೆ. ಅಣ್ಣ ಉಳಿದ.

ಉಳಿದವನಿಗೆ ಸಿಕ್ಕಿದ್ದೇನು ಅಂದರೆ, 2010ರಲ್ಲಿ, 33ನೇ ವಯಸ್ಸಿನಲ್ಲಿ, ಇನ್ನು ನೀನು ಬೇಡ ಅನ್ನುವ ಮಾತು. ತಂಡ ಕಟ್ಟುವವನಿಗೆ ಆಟಗಾರನನ್ನು ಬಿಡುವ ಹಕ್ಕಿದೆ, ಒಪ್ಪುತ್ತೇನೆ. ಆದರೂ ಇದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತೆ. 1999ರಲ್ಲಿ ಕಾರ್ಕ್‌ಗೆ ಕಪ್ ಗೆಲ್ಲಿಸಿಕೊಟ್ಟ ತರಬೇತುದಾರ ಜಿಮ್ಮಿ ಬ್ಯಾರಿ-ಮರ್ಫಿ ವಾಪಸ್ ಬಂದು 2012ರ ತಂಡಕ್ಕೆ ಅವನನ್ನು ಮತ್ತೆ ಕರೆದರು. ಅವಮಾನ ನುಂಗಿಕೊಂಡು ಬಂದ. ಸೆಮಿಫೈನಲ್‌ನಲ್ಲಿ ಗಾಲ್ವೇ ಎದುರು ಸೋತರು, ಅದೇ ವರ್ಷ ನಿವೃತ್ತನಾದ. ಆ ಕೊನೇ ವರ್ಷಕ್ಕೂ ಅವನಿಗೆ ಸಂಬಳ ಅಂತ ಏನೂ ಇರಲಿಲ್ಲ.